ಎಲ್ಲಾ ವಾಂತಿನೂ ಬಸುರಿನ ವಾಂತಿ ಅಲ್ಲ: ದ್ರಾಕ್ಷಿ ತೋಟದ ಒಂದು ಕೇಸು

ಹೆಸರು, ಊರು, ಮನೆ ವಿವರ ಎಲ್ಲಾ ಬದಲಿಸಿದೀನಿ, ಇವಳನ್ನ ರೇಣವ್ವ ಅಂತಿಟ್ಕೊಳಿ. ವಿಜಯಪುರ ಜಿಲ್ಲೆ ಹುಡುಗಿ, ಗಂಡನ ಜೊತೆ ನಾರಾಯಣಗಾಂವ್ ಕಡೆ ದ್ರಾಕ್ಷಿ ತೋಟದಲ್ಲಿ ಜೋಡಿ ಕೆಲಸ, ಮಾಲಕನ ಹತ್ರ ಮುಂಗಡ ತಗೊಂಡಿದಾರೆ, ತೋಟದ ಶೆಡ್ಡಲ್ಲೇ ಸಂಸಾರ. ಬಸುರಿಗೆ ಮೂರು ತಿಂಗಳು ತುಂಬ್ತಾ ಬಂದಿತ್ತು. ಪುಣೆಲಿ ನಾನು ಕೌನ್ಸೆಲಿಂಗ್ ಮಾಡೋ ಆಸ್ಪತ್ರೇಲಿ ಕನ್ನಡದ ಪೇಶಂಟ್ ಬಂದ್ರೆ ನನ್ನ ಟೇಬಲ್ಲಿಗೇ ಕಳಿಸ್ತಾರೆ, ಚೀಟಿ ಮೇಲೆ ಆತಂಕ, ನಿದ್ದೆ ಇಲ್ಲ, ಗರ್ಭಪಾತ ಕೇಳ್ತಿದಾರೆ ಅಂತ ಬರೆದಿದ್ರು.

ಕೂತವಳೇ "ಅಕ್ಕಾರ, ತೆಗೆಸಿಬಿಡ್ರಿ, ಎಣ್ಣಿ ವಾಸನಿ ಕುಡ್ದ ಕೂಸು ನೆಟ್ಟಗ ಹುಟ್ಟಂಗಿಲ್ಲ" ಅಂದ್ಳು. ಎಣ್ಣಿ ಅಂದ್ರೆ ಅವರ ಮಾತಲ್ಲಿ ತೋಟಕ್ಕೆ ಹೊಡೆಯೋ ಕೀಟನಾಶಕ. ಯಾರೋ ಮೊಬೈಲಲ್ಲಿ ಎಂಡೋಸಲ್ಫಾನ್ ಮಕ್ಕಳ ವಿಡಿಯೋ ತೋರಿಸಿದ್ರಂತೆ. ಆ ಕಥೆ ಬೇರೆ ಕಣವ್ವ, ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಗೇರು ತೋಟದ ಮೇಲೆ ಹೆಲಿಕಾಪ್ಟರಲ್ಲಿ ವರ್ಷಗಟ್ಟಲೆ ಹೊಡೆದದ್ದು, 2011ರಲ್ಲಿ ಸುಪ್ರೀಂ ಕೋರ್ಟೇ ಆ ಔಷಧ ನಿಲ್ಲಿಸ್ತು ಅಂತ ಹೇಳ್ದೆ, ಆದ್ರೆ ಅದಕ್ಕಿಂತ ಮೊದ್ಲು ಅವಳ ದಿನಚರಿ ಕೇಳ್ಬೇಕಿತ್ತು.

ವಾಂತಿ ದಿನಾ ಬರ್ತದಾ ಅಂದೆ. ಅತ್ತೆ ಫೋನಲ್ಲಿ "ಬಸುರಿ ಅಂದ್ರ ವಾಂತಿ ಇರೂದ" ಅಂತಿದ್ರಂತೆ, ಇವಳೂ ಒಪ್ಕೊಂಡಿದ್ಳು. ದೀಪಾವಳಿಗೆ ಊರಿಗೆ ಹೋದಾಗ? ಸ್ವಲ್ಪ ಯೋಚ್ನೆ ಮಾಡಿ, "ಅಲ್ಲಿ ಒಂದ ಸಲಾನೂ ಆಗಿಲ್ರಿ" ಅಂದ್ಳು. ಗಂಡ ಎಣ್ಣಿ ಹೊಡೆದ ದಿನ ಮಾತ್ರ ತಲೆನೋವು, ಬಾಯಲ್ಲಿ ನೀರು ತುಂಬೋದು, ಬೆವರು, ಕಣ್ಣು ಮಂಜು. ಬಾಯಿ ನೀರು, ವಾಂತಿ ಬಸುರಿನಲ್ಲೂ ಇರ್ತವೆ, ಅದಕ್ಕೇ ಇದು ಎಷ್ಟೋ ಸಲ ಯಾರ ಕಣ್ಣಿಗೂ ಬೀಳಲ್ಲ, ಆದ್ರೆ ಕಣ್ಣು ಮಂಜಾಗೋದೂ ಜೊತೆಗೆ ಬಂದ್ರೆ ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ಕೀಟನಾಶಕದ ಮೇಲೆ ಅನುಮಾನ ಪಡಲೇಬೇಕು. ಡಾಕ್ಟರು ಕೋಲಿನೆಸ್ಟರೇಸ್ ಟೆಸ್ಟ್ ಮಾಡಿಸಿದ್ರು, ಈ ಔಷಧ ಮೈಗೆ ಹೋದ್ರೆ ಇಳಿಯೋ ರಕ್ತದ ಕಿಣ್ವ ಅದು, ಕಮ್ಮಿ ಬಂತು, ಆದ್ರೆ ಬಸುರಿನಲ್ಲಿ ಅದು ತಾನಾಗೇ ಸ್ವಲ್ಪ ಇಳಿಯುತ್ತೆ, ಹಂಗಾಗಿ ಒಂದು ರಿಪೋರ್ಟ್ ನೋಡಿ ತೀರ್ಮಾನ ಬೇಡ, ಕೆಲಸ ಬಿಡಿಸಿ ಇನ್ನೊಮ್ಮೆ ನೋಡೋಣ ಅಂದ್ರು.

ಅವಳು ಪಂಪ್ ಹಿಡಿಯಲ್ಲ, ಅದಕ್ಕೇ ನನಗೇನೂ ತಾಗಲ್ಲ ಅಂದ್ಕೊಂಡಿದ್ಳು. ಆದ್ರೆ ಗಂಡನ ಬಟ್ಟೆ ತೊಳೆಯೋದು ಇವಳೇ, ಬರಿಗೈಲಿ. ಗೊಂಚಲು ಡಿಪಿಂಗು (ದ್ರಾವಣದಲ್ಲಿ ಅದ್ದೋದು), ಥಿನ್ನಿಂಗು (ಹೆಚ್ಚಿನ ಕಾಯಿ ತೆಗೆಯೋದು) ಮಾಡುವಾಗ ಹಿಂದಿನ ದಿನ ಹೊಡೆದ ಎಲೆ ಮೊಣಕೈವರೆಗೂ ಉಜ್ಜುತ್ತೆ. ಔಷಧದ ಖಾಲಿ ಕ್ಯಾನಲ್ಲಿ ಕುಡಿಯೋ ನೀರು ತುಂಬಿಡ್ತಿದ್ರು, ಇದನ್ನ ಕೇಳಿದ್ಮೇಲೆ ನಾನು ಪೆನ್ನು ಕೆಳಗಿಟ್ಟೆ.

ಗಂಡ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲ್ಲ ಅಂತ. ಅವನನ್ನ ಕೂರಿಸಿದ್ದು ಪೇಸ್ಟಿಂಗ್ ಮಾತು. ಅಕ್ಟೋಬರ್ ಛಾಟಣಿ, ಅಂದ್ರೆ ಬಳ್ಳಿ ಕತ್ತರಿಸೋದು, ಆದ್ಮೇಲೆ ಚಿಗುರಿನ ಕಣ್ಣು ಒಡೀಲಿ ಅಂತ ಕಡ್ಡಿಗೆ ಹಚ್ತಾರಲ್ಲ, ಹೈಡ್ರೋಜನ್ ಸೈನಮೈಡ್, ಅದನ್ನ ಹಚ್ಚಿದ ದಿನ ಸಂಜೆ ಕುಡಿದ್ರೆ ಮುಖ ಕೆಂಪಾಗಿ ಎದೆ ಡವಡವ ಅನ್ನುತ್ತೆ, ನಿನಗಾಗಿತ್ತಾ ತಮ್ಮಾ ಅಂದೆ. ಆಗಿತ್ತು! ಕುಡಿದಿದ್ದು ಕಲಬೆರಕೆ ಅಂತ ಅಂಗಡಿಯವನ ಜೊತೆ ಜಗಳಾನೂ ಆಡಿದ್ನಂತೆ. ಔಷಧ ಮೈಯೊಳಗೆ ಹೋಗುತ್ತೆ ಅನ್ನೋದನ್ನ ಅವನು ನಂಬಿದ್ದು ಆವಾಗ, ನನ್ನ ಯಾವ ಚಾರ್ಟಿನಿಂದಲೂ ಅಲ್ಲ.

ಗರ್ಭಪಾತದ ಬಗ್ಗೆ ನೇರವಾಗಿ ಹೇಳಿದೆ: ಕಾನೂನು ನಿನ್ನ ಕಡೆ ಇದೆ, ನಿರ್ಧಾರ ನಿಂದು, ಆದ್ರೆ ವಿಡಿಯೋ ನೋಡಿದ ಹೆದರಿಕೇಲಿ ಬೇಡ, ಔಷಧ ತಾಗಿದ ಮಾತ್ರಕ್ಕೆ ಕೂಸು ಕೆಟ್ಟೇ ಹುಟ್ಟುತ್ತೆ ಅಂತಿಲ್ಲ, 18ರಿಂದ 20ನೇ ವಾರದ ಸ್ಕ್ಯಾನಲ್ಲಿ ಬೆನ್ನುಹುರಿ, ಹೃದಯ, ಕೈಕಾಲು ನೋಡ್ತಾರೆ. ಸ್ಕ್ಯಾನಲ್ಲಿ ಎಲ್ಲಾ ಕಾಣಲ್ಲ ಅಂತಲೂ ಹೇಳಿದೆ, ಸುಳ್ಳು ಧೈರ್ಯ ಕೊಡೋದು ನನಗಾಗಲ್ಲ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೇಲಿ 1999ರಲ್ಲಿ ಶುರುವಾದ ಅಧ್ಯಯನದಲ್ಲಿ, ಬಸುರಿನಲ್ಲಿ ಆರ್ಗನೋಫಾಸ್ಫೇಟ್ ಜಾತಿ ಔಷಧದ ಅಂಶ ಅತಿ ಹೆಚ್ಚಿದ್ದ ತಾಯಂದಿರ ಮಕ್ಕಳ ಐಕ್ಯೂ, ಅತಿ ಕಮ್ಮಿ ಇದ್ದವರ ಮಕ್ಕಳಿಗಿಂತ 7ನೇ ವಯಸ್ಸಲ್ಲಿ ಸುಮಾರು 7 ಪಾಯಿಂಟ್ ಕಮ್ಮಿ ಇತ್ತು. ಅದನ್ನ ಅವಳಿಗೆ ಹೇಳಲಿಲ್ಲ. ನಿದ್ದೆ ಇಲ್ಲದವಳಿಗೆ ಆ ನಂಬರ್ ಕೊಟ್ಟು ಏನು ಮಾಡಿಸೋಣ, ಇವತ್ತಿಂದ ತಾಗೋದು ಕಮ್ಮಿ ಮಾಡೋದಷ್ಟೇ ಕೈಲಿರೋದು.

ಕೆಲಸ ಬಿಡು ಅನ್ನೋದು ಸುಲಭ, ಮುಂಗಡ ಯಾರು ತೀರಿಸ್ತಾರೆ? ಹಂಗಾಗಿ ಆಗೋ ಮಾತಷ್ಟೇ ಆಡಿದ್ವಿ. ಎಣ್ಣಿ ಕಲಸೋದು, ಡಿಪಿಂಗು, ಪೇಸ್ಟಿಂಗು ಬಂದ್, ಹೊಡೆದ ಸಾಲಿಗೆ ಲೇಬಲ್ಲಲ್ಲಿ ಹೇಳಿದಷ್ಟು ಹೊತ್ತು ಇಳಿಯೋದೇ ಬೇಡ. ಗಂಡ ಶೆಡ್ಡಿನ ಹೊರಗೇ ಸ್ನಾನ ಮಾಡಿ ಬಟ್ಟೆ ಬಿಚ್ಚಿ ತಾನೇ ಬೇರೆ ಬಕೆಟಲ್ಲಿ ತೊಳೀಬೇಕು, ಕ್ಯಾನು ತೂತು ಮಾಡಿ ಆಚೆ. ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸಬಾರದು. ಮತ್ತೆ ಕಣ್ಣು ಮಂಜಾದ್ರೆ, ಉಸಿರು ಕಟ್ಟಿದ್ರೆ 108ಕ್ಕೆ ಫೋನು, ಬಾಟ್ಲಿ ಲೇಬಲ್ಲಿನ ಫೋಟೋ ಜೊತೆಗಿರಲಿ, ಡಾಕ್ಟರಿಗೆ ಮೊದ್ಲು ಬೇಕಾಗೋದು ಅದೇ.

ಮಾಲಕನ ಜೊತೆ ಮರಾಠಿಲಿ ಫೋನಲ್ಲಿ ನಾನೇ ಮಾತಾಡಿದೆ. 2017ರಲ್ಲಿ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆದು ಜನ ಸತ್ತಿದ್ದು ಅವನಿಗೂ ನೆನಪಿತ್ತು. ಕೂಲಿಯವರಿಗೆ ಅಡುಗೆ ಮಾಡ್ಲಿ ಅಂದ, ಸಂಬಳ ಮಾತ್ರ ಇಳಿಸಿದ. ಶೆಡ್ಡು ಅಲ್ಲೇ ಇದೆ, ಆದ್ರೂ ವಾಂತಿ ನಿಂತಿದೆ, ಎರಡನೇ ಟೆಸ್ಟಲ್ಲಿ ನಂಬರ್ ಮೇಲೇರಿದೆ, ಸ್ಕ್ಯಾನಲ್ಲಿ ತೊಂದ್ರೆ ಕಂಡಿಲ್ಲ, ಬಸುರು ಇಟ್ಕೋತೀನಿ ಅಂತ ಅವಳೇ ಹೇಳಿದ್ಳು.

ಅವಳು ಬಿಟ್ಟ ಡಿಪಿಂಗ್ ಕೆಲಸಕ್ಕೆ ಈಗ ಅವಳ ನೆಗೆಣ್ಣಿ ಬಂದಿದಾಳೆ, ಮೊನ್ನೆ ಮೊನ್ನೆ ಮದುವೆಯಾದವಳು. ಮುಂದಿನ ಸಲ ಅವಳನ್ನೂ ಕರ್ಕೊಂಡು ಬಾ ಅಂದಿದೀನಿ.