ಹೈವೇಯಲ್ಲಿ ಟರ್ಬೊ ಬೂಸ್ಟ್ ಬರೀ 4 ಪಿಎಸ್‌ಐ ಇದ್ದರೆ ಟರ್ಬೊ ಕೆಟ್ಟಿದೆಯಾ?

ಬೂಸ್ಟ್ ಅಂದ್ರೆ ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ; ಪಿಎಸ್‌ಐ ಅದರ ಅಳತೆ. ನಿಮ್ಮದು 1996ರ ಡಾಡ್ಜ್ ರ‍್ಯಾಮ್, 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್‌ನ ಪಿಕಪ್ ಗಾಡಿ ಅಂತಿಟ್ಟುಕೊಳ್ಳಿ. ಖಾಲಿ ಗಾಡಿಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 105 ಕಿ.ಮೀ. ವೇಗಕ್ಕೆ 4 ಪಿಎಸ್‌ಐ ಸರಿಯಾಗೇ ಇದೆ. ಸುಮ್ನೆ ಗಾಬರಿ ಬೇಡ.

ಬೂಸ್ಟ್ ಎಷ್ಟು ಅನ್ನೋದು ಅವಲಂಬಿಸಿರೋದು ವೇಗವನ್ನಲ್ಲ, ಎಂಜಿನ್ ಮೇಲಿನ ಭಾರವನ್ನ. ಟರ್ಬೊ ತಿರುಗುವುದು ಹೊಗೆಯ ಬಿಸಿ ಮತ್ತು ರಭಸದಿಂದ. ಡೀಸೆಲ್ ಕಡಿಮೆ ಉರಿದರೆ ಆ ರಭಸವೂ ಕಡಿಮೆ. ಅದೇ ಗಾಡಿಗೆ ಭಾರದ ಟ್ರೇಲರ್ ಕಟ್ಟಿ ಏರು ಹತ್ತಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಬೂಸ್ಟ್ ಮೀಟರ್‌ನ ಮುಳ್ಳು 15 ಪಿಎಸ್‌ಐ ದಾಟಿ 20ರ ಹತ್ತಿರ ಹೋಗಬೇಕು. ಟರ್ಬೊ ಆರೋಗ್ಯ ಗೊತ್ತಾಗೋದು ಅಲ್ಲೇ. ಅಷ್ಟು ಏರದೆ ಕಪ್ಪು ಹೊಗೆ ಬಂದರೆ ಮೊದಲು ಇಂಟರ್‌ಕೂಲರ್‌ನ (ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗಾಗಿಸುವ ಭಾಗ) ರಬ್ಬರ್ ಹೋಸ್, ಕ್ಲ್ಯಾಂಪ್ ನೋಡಿ. ಹಳೇ ಗಾಡಿಗಳಲ್ಲಿ ಗಾಳಿ ಸೋರೋದು ಜಾಸ್ತಿ ಅಲ್ಲೇ. ಎಣ್ಣೆ ಪಸೆ ಹಿಡಿದ ಜಾಗದ ಮೇಲೆ ಕಣ್ಣಿಡಿ.

ಇನ್ನೊಂದು ಮಾತು. ಅದೇ ರಸ್ತೆ, ಅದೇ ವೇಗ, ಆದರೆ 4 ಇದ್ದದ್ದು 8 ಆಗಿದೆ ಅಂದ್ರೆ ಖುಷಿಪಡಬೇಡಿ; ಎಂಜಿನ್ ಮೇಲೆ ಭಾರ ಹೆಚ್ಚಿದೆ ಅಂತ ಅರ್ಥ. ಎದುರುಗಾಳಿ ಇಲ್ಲದಿದ್ದರೆ ಟೈರ್ ಗಾಳಿ ನೋಡಿ, ಬ್ರೇಕ್ ಹಿಡಿದುಕೊಂಡಿದೆಯಾ ಅಂತಲೂ ಪರೀಕ್ಷಿಸಿ.