ಉಬುಂಟುವಿನೊಳಗೆ ವಿಂಡೋಸ್: ಹಳೆಯ ನುಡಿ ಕಡತಗಳಿಗಾಗಿ

8 ಜಿಬಿ ರ್‍ಯಾಮ್ ಇರುವ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಬುಂಟು (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ) ಇದೆ. ನುಡಿ ಫಾಂಟಿನಲ್ಲಿ ಬೆರಳಚ್ಚಾಗಿ ಪೇಜ್‌ಮೇಕರಿನಲ್ಲಿ ಪುಟವಿನ್ಯಾಸಗೊಂಡ ಹಳೆಯ ಪುಸ್ತಕಗಳನ್ನು ಆಗಾಗ ತಿದ್ದಬೇಕಾಗಿರುವುದರಿಂದ, ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ಸೃಷ್ಟಿಸುವ ಇನ್ನೊಂದು ಕಂಪ್ಯೂಟರಿನಲ್ಲಿ) ವಿಂಡೋಸ್ ಹಾಕಿಕೊಂಡರೆ ಲ್ಯಾಪ್‌ಟಾಪ್ ತಾಳಿಕೊಳ್ಳುವುದೇ ಎಂದು ಕೇಳಿದ್ದೀರಿ. ತಾಳಿಕೊಳ್ಳುತ್ತದೆ. ನಾನೂ ಇಷ್ಟೇ ರ್‍ಯಾಮಿನ ಯಂತ್ರದಲ್ಲಿ ಇದೇ ಕೆಲಸಕ್ಕೆ, ಅಂಥ ಮಷಿನ್ ಸೃಷ್ಟಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಒಳಗೆ ಯಾವ ವಿಂಡೋಸ್ ಹಾಕುತ್ತೀರಿ ಎಂಬುದೇ ಇಲ್ಲಿ ಮುಖ್ಯ.

ಪ್ರೊಸೆಸರನ್ನು ಎರಡು ವ್ಯವಸ್ಥೆಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ರ್‍ಯಾಮ್ ಹಾಗಲ್ಲ, ಒಳಗಿನ ವಿಂಡೋಸ್ ಬಳಸತೊಡಗಿದ ಭಾಗವು, ಅದು ಆಮೇಲೆ ಸುಮ್ಮನೆ ಕುಳಿತಿದ್ದರೂ, ಬಹುಮಟ್ಟಿಗೆ ಉಬುಂಟುವಿನ ಕೈತಪ್ಪಿದಂತೆಯೇ. ವಿಂಡೋಸ್ 11 ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಮತ್ತು ಟಿಪಿಎಂ 2.0 (ಭದ್ರತಾ ಚಿಪ್) ಬೇಡುವುದರಿಂದ ನಿಮ್ಮ ಯಂತ್ರಕ್ಕೆ ಅದು ಭಾರವೇ. 2001ರ ಪೇಜ್‌ಮೇಕರ್ 7.0ಗೆ ಅಷ್ಟು ಹೊಸದರ ಅಗತ್ಯವೂ ಇಲ್ಲ. ನಾನು 32 ಬಿಟ್‌ನ ವಿಂಡೋಸ್ 7ಕ್ಕೆ 2 ಜಿಬಿ ರ್‍ಯಾಮ್ ಕೊಟ್ಟಿದ್ದೇನೆ. ನಿಮ್ಮಲ್ಲಿ ಅದರ ಪರವಾನಗಿ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಅದರ ಭದ್ರತಾ ಬೆಂಬಲ 2020ರ ಜನವರಿಯಲ್ಲೇ ಮುಗಿದಿರುವುದರಿಂದ, ವರ್ಚುವಲ್ ಮಷಿನ್‌ನ ನೆಟ್‌ವರ್ಕ್ ಅಡಾಪ್ಟರನ್ನು ಆಫ್ ಮಾಡಿಯೇ ಇಡಬೇಕು. ನೆಟ್‌ವರ್ಕ್ ಇಲ್ಲದಿದ್ದರೂ, ಗೆಸ್ಟ್ ಅಡಿಷನ್ಸ್ (ಒಳಗಿನ ವಿಂಡೋಸ್‌ಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶ) ಹಾಕಿಕೊಂಡರೆ, ಶೇರ್ಡ್ ಫೋಲ್ಡರಿನ ಮೂಲಕ ಕಡತಗಳು ಆಚೀಚೆ ಹೋಗಿಬರುತ್ತವೆ.

ತೊಡಕು ಬರುವುದು ಹೆಚ್ಚಾಗಿ ಆರಂಭದಲ್ಲಿ. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗಳಲ್ಲಿ) ವರ್ಚುವಲೈಸೇಷನ್ ಆನ್ ಆಗಿರಬೇಕು. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಭದ್ರತಾ ವ್ಯವಸ್ಥೆ) ಆನ್ ಇದ್ದರೆ, ವರ್ಚುವಲ್‌ಬಾಕ್ಸ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ಮರುಬೂಟಿನಲ್ಲಿ ಕೀಲಿಯನ್ನು ನೋಂದಾಯಿಸುವ ನೀಲಿ ಪರದೆಯನ್ನು ತೋರಿಸುತ್ತದೆ. ಮೊದಲ ಸಲ ಅದೇನೆಂದು ತಿಳಿಯದೆ ನಾನು ಮುಂದೆ ಸಾಗಿಬಿಟ್ಟೆ, ಆಮೇಲೆ ವರ್ಚುವಲ್‌ಬಾಕ್ಸ್‌ನ ಕರ್ನಲ್ ಮಾಡ್ಯೂಲ್ (ಉಬುಂಟುವಿನ ತಿರುಳಾದ ಕರ್ನಲ್‌ಗೆ ಸೇರುವ ಭಾಗ) ಲೋಡ್ ಆಗದೆ ಅರ್ಧ ದಿನ ಹಾಳಾಯಿತು. ಇನ್ನು ಕರ್ನಲ್ 6.12 ಮತ್ತು ಅದರ ನಂತರದವುಗಳಲ್ಲಿ ಕೆವಿಎಂ (ಲಿನಕ್ಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆ) ಮಾಡ್ಯೂಲ್ ಲೋಡ್ ಆದೊಡನೆಯೇ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದರಿಂದ, ಅದನ್ನು ಬೇರೊಂದು ಹೈಪರ್‌ವೈಸರ್ (ವರ್ಚುವಲ್ ಮಷಿನ್ ನಡೆಸುವ ತಂತ್ರಾಂಶ) ಬಳಸುತ್ತಿದೆ ಎಂಬ ದೋಷಸಂದೇಶ ಬರಬಹುದು. ಕೆವಿಎಂ ಮಾಡ್ಯೂಲನ್ನು ಅನ್‌ಲೋಡ್ ಮಾಡಿದರೆ ಸರಿಹೋಗುತ್ತದೆ.

ವಿಂಡೋಸ್, ನುಡಿ, ಪೇಜ್‌ಮೇಕರ್ ಮೂರನ್ನೂ ಹಾಕಿದ ಮೇಲೆ ಒಂದು ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಬಹುದಾದ, ಮಷಿನ್‌ನ ಆ ಕ್ಷಣದ ಸ್ಥಿತಿ) ತೆಗೆದಿಡಿ. ಅದೂ ಅದೇ ಡಿಸ್ಕಿನಲ್ಲಿರುವುದರಿಂದ ಅದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ. ಪುಸ್ತಕದ ಕಡತಗಳ ಪ್ರತಿ ಹೊರಗೆ ಬೇರೆಯೇ ಇರಲಿ.

ಒಳಗಿನಿಂದ ಕಾಪಿ ಮಾಡಿದ ಪಠ್ಯವನ್ನು ಉಬುಂಟುವಿನಲ್ಲಿ ಅಂಟಿಸಿದಾಗ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಗಾಬರಿಯಾಗಬೇಡಿ. ಹಳೆಯ ನುಡಿ ಫಾಂಟುಗಳು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಮಾನ ಸಂಕೇತ ವ್ಯವಸ್ಥೆ) ಅಲ್ಲದಿರುವುದೇ ಅದಕ್ಕೆ ಕಾರಣ. ಪರಿವರ್ತಕದಿಂದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಂಡು, ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾರೆ ಓದಿ ನೋಡಿ.