ದೀಪ ಹಚ್ಚಿದ್ರೆ ಕೋಣೆ ಒಲೆ ಆಗ್ತದೆ!

ಪ್ರಶ್ನೆ: ನಮ್ಮನೆ ಕಾರವಾರದಲ್ಲಿ. ಮಹಡಿ ಮೇಲೆ ಸ್ಲ್ಯಾಬಿನ ಕೆಳಗೆ 8 ಅಡಿ 10 ಅಡಿಯ ಒಂದು ಖಾಲಿ ರೂಮಿತ್ತು, ಹೋದ ವರ್ಷದಿಂದ ಅದ್ರಲ್ಲಿ ಲೆಟ್ಯೂಸ್, ಬೇಸಿಲ್ ಬೆಳೀತಾ ಇದ್ದೇನೆ, ಗೋಕರ್ಣದ ಎರಡು ಕೆಫೆಯವ್ರು ತಗೊಳ್ತಾರೆ. ಮಣ್ಣಿಲ್ಲ, ನೀರಲ್ಲೇ ಬೆಳೆಸೋದು. 100 ವ್ಯಾಟಿನ ನಾಲ್ಕು ಎಲ್‌ಇಡಿ ಗ್ರೋ ಲೈಟು, ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ ಉರೀತವೆ. ಮಾರ್ಚ್ ಬಂತು ಅಂದ್ರೆ ಮಧ್ಯಾಹ್ನ ಥರ್ಮಾಮೀಟರ್ 38 ತೋರಿಸ್ತದೆ, ಲೆಟ್ಯೂಸ್ ಕಹಿಯಾಗಿ ದಂಟು ಮೇಲೇಳ್ತದೆ, ಒಳಗಿನ ಎಳೆ ಎಲೆಯ ಅಂಚು ಸುಟ್ಟ ಹಾಗೆ ಕಂದಾಗ್ತದೆ. ಏರ್ ಕೂಲರ್ ತಂದಿಟ್ಟೆ, ಇನ್ನೂ ಹಾಳಾಯ್ತು. ಅಂಗಡಿಯವ ಒಂದೂವರೆ ಟನ್ ಎಸಿ ಹಾಕ್ಸಿ ಅಂತಾನೆ. ಹಾಕಿಸ್ಲಾ ಸರ್?

ಉತ್ತರ: ಸ್ವಲ್ಪ ತಡೀರಿ, ದುಡ್ಡು ಕೈಲೇ ಇರ್ಲಿ. ಮೊದ್ಲು ಆ ಥರ್ಮಾಮೀಟರ್ ಎಲ್ಲಿ ನೇತು ಹಾಕಿದ್ದೀರಿ ನೋಡಿ. ನಾನೂ ಶುರುವಿಗೆ ದೀಪದ ಕೆಳಗೇ ನೇತು ಹಾಕಿ 38 ಅಂತ ನೋಡಿ ಗಾಬರಿ ಬಿದ್ದಿದ್ದೆ, ಆಮೇಲೆ ಅದರ ಮೇಲೆ ಒಂದು ಪೇಪರ್ ಲೋಟ ಬೋರಲು ಹಾಕಿ ನೆರಳು ಮಾಡಿದ್ರೆ 33. ಬೆಳಕು ನೇರ ಬಿದ್ರೆ ಮೀಟರೇ ಬಿಸಿಯಾಗಿ ಸುಳ್ಳು ಹೇಳ್ತದೆ. ಗಿಡದ ತುದಿ ಮಟ್ಟದಲ್ಲಿ, ನೆರಳಲ್ಲಿ ಇಟ್ಟು ಮತ್ತೆ ಓದಿ.

ಏರ್ ಕೂಲರ್ ವಿಷ್ಯ ಕೇಳಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ಅದು ನೀರು ಆವಿ ಮಾಡಿ ತಂಪು ಮಾಡೋ ಯಂತ್ರ, ಬಿಜಾಪುರದ ಒಣ ಗಾಳಿಗೆ ಸರಿ. ಹಪ್ಪಳ ಡಬ್ಬಿ ಮುಚ್ಚಳ ಅರ್ಧ ಗಂಟೆ ತೆರೆದಿಟ್ರೆ ಮೆತ್ತಗಾಗೋ ನಮ್ಮ ಕರಾವಳೀಲಿ ಆ ನೀರು ಎಲ್ಲಿ ಆವಿಯಾಗ್ಬೇಕು? ತಂಪಾಗೋದು ಅಷ್ಟಕ್ಕಷ್ಟೆ, ತೇವ ಮಾತ್ರ ಏರ್ತದೆ. ಆ ತೇವಕ್ಕೂ ನಿಮ್ಮ ಕಂದು ಅಂಚಿಗೂ ಸಂಬಂಧ ಇದೆ. ಎಲೆಯಿಂದ ನೀರು ಆವಿಯಾಗಿ ಹೋದ್ರೆ ಬೇರಿಂದ ನೀರು ಮೇಲೆ ಎಳ್ಕೊಳ್ತದೆ, ಕ್ಯಾಲ್ಸಿಯಂ ಅದ್ರ ಜೊತೆಗೇ ಬರೋದು. ಒಳಗಿನ ಮುದುಡಿದ ಎಳೆ ಎಲೆ ಸುತ್ತ ಗಾಳಿ ಆಡದೆ ತೇವ ನಿಂತ್ರೆ ಅಲ್ಲಿಗೆ ಕ್ಯಾಲ್ಸಿಯಂ ತಲುಪೋದಿಲ್ಲ, ಅಂಚು ಸಾಯ್ತದೆ. ಹಾಗಾಗಿ ಗೊಬ್ಬರ ಹೆಚ್ಚು ಮಾಡೋಕೆ ಹೋಗ್ಬೇಡಿ, ಒಂದು ಸಣ್ಣ ಟೇಬಲ್ ಫ್ಯಾನ್ ಎಲೆ ಮೇಲೆ ಹಾಯೋ ಹಾಗೆ ಇಡಿ, ಎಲೆ ಸುಮ್ನೆ ನಡುಗಿದ್ರೆ ಸಾಕು.

ಈಗ ಎಸಿ ಲೆಕ್ಕ. ಎಲ್‌ಇಡಿ ಬಿಸಿಯಾಗೋದಿಲ್ಲ ಅಂತ ಮಾರೋರು ಹೇಳ್ತಾರಲ್ಲ, ಅದನ್ನ ಕಿವಿಗೆ ಹಾಕ್ಕೋಬೇಡಿ. ದೀಪಕ್ಕೆ ಹೋದ 400 ವ್ಯಾಟ್ ಕರೆಂಟು ಬೆಳಕಾದ್ರೂ ಕೊನೆಗೆ ಎಲೆ, ಗೋಡೆ, ನೀರಿಗೆ ಬಿದ್ದು ಹೆಚ್ಚುಕಮ್ಮಿ ಎಲ್ಲ ಬಿಸಿಯೇ ಆಗ್ತದೆ. ಆದ್ರೆ ಒಂದು ಟನ್ ಎಸಿ ಅಂದ್ರೆ ಸುಮಾರು 3500 ವ್ಯಾಟ್ ಬಿಸಿ ಹೊರಗೆ ಹಾಕೋ ತಾಕತ್ತು, ಅಂದ್ಮೇಲೆ ನಿಮ್ಮ ದೀಪ ಅದರ ಸುಮಾರು ಒಂಬತ್ತನೇ ಒಂದು ಪಾಲು ಅಷ್ಟೇ. ಉಳಿದ ಬಿಸಿ ಸ್ಲ್ಯಾಬಿಂದು. ಬಿಸಿಲು ಕುಡಿದ ಕಾಂಕ್ರೀಟು ಸಂಜೆ ಆದ್ಮೇಲೂ ಒಳಗೆ ಬಿಸಿ ಬಿಡ್ತಾನೇ ಇರ್ತದೆ, ರಾತ್ರಿ 8 ಗಂಟೆಗೆ ಮೇಲ್ಗಡೆ ಕೈ ಇಟ್ಟು ನೋಡಿ. ಮೇಲೆ ಬಿಳಿ ಸುಣ್ಣ ಬಳಿಸಿ, ಆಗದಿದ್ರೆ ತೆಂಗಿನ ಮಡ್ಲು ಹರವಿ, ನಮ್ಮ ಅಜ್ಜಿ ಕಾಲದ ಉಪಾಯ, ಖರ್ಚಿಲ್ಲ.

ಮತ್ತೆ ನೀವು ಸ್ಲ್ಯಾಬು ಕಾಯೋ ಹೊತ್ತಿಗೇ ದೀಪಾನೂ ಉರಿಸ್ತಾ ಇದ್ದೀರಲ್ಲ ಮಾರಾಯ್ರೆ! ಬಾಗಿಲು ಮುಚ್ಚಿದ ರೂಮಲ್ಲಿ ಗಿಡಕ್ಕೆ ಹಗಲು ಯಾವ್ದು ರಾತ್ರಿ ಯಾವ್ದು ಅಂತ ತೀರ್ಮಾನ ಮಾಡೋದು ನೀವು. ಟೈಮರ್ ಹಾಕಿ ರಾತ್ರಿ 9ಕ್ಕೆ ಹಚ್ಚಿ, ಬೆಳಿಗ್ಗೆ 11ಕ್ಕೆ ಆರಿಸಿ, 14 ತಾಸು ಆಯ್ತು, ಲೆಟ್ಯೂಸಿಗೆ ಅಷ್ಟು ಸಾಕು. ಬೆಳಕು ಎಷ್ಟಿದೆ ಅಂತ ಮೊಬೈಲಿನ ಲಕ್ಸ್ ಆ್ಯಪಲ್ಲಿ ಎಲೆ ಮಟ್ಟದಲ್ಲಿ ಅಳೀರಿ, ಪಕ್ಕಾ ಅಲ್ಲ ಆದ್ರೂ ಅಂದಾಜು ಸಿಗ್ತದೆ. ಬಿಳಿ ಎಲ್‌ಇಡಿ ಆದ್ರೆ 14ರಿಂದ 18 ಸಾವಿರ ಲಕ್ಸ್ ಇದ್ರೆ ಧಾರಾಳ. 25, 30 ಸಾವಿರ ತೋರಿಸಿದ್ರೆ ಆ ಹೆಚ್ಚಿಗೆ ಬೆಳಕು ಬರೀ ಬಿಸಿಗೆ ದುಡ್ಡು ಕೊಟ್ಟ ಹಾಗೆ, ಡಿಮ್ ಮಾಡಿ ಅಥವಾ ಒಂದು ದೀಪ ತೆಗೀರಿ. ಈಗ ದಿನಕ್ಕೆ 6.4 ಯೂನಿಟ್ ಹೋಗ್ತಾ ಇದೆ, ಮೂರೇ ದೀಪ 14 ತಾಸು ಅಂದ್ರೆ 4.2. (ಗುಲಾಬಿ ಬೆಳಕಿನ ದೀಪ ಆದ್ರೆ ಲಕ್ಸ್ ಲೆಕ್ಕ ನಂಬ್ಬೇಡಿ, ಲಕ್ಸ್ ಮೀಟರ್ ನಮ್ಮ ಕಣ್ಣಿಗೆ ಮಾಡಿದ್ದು, ಕೆಂಪು ನೀಲಿ ಬೆಳಕನ್ನ ಕಮ್ಮಿ ತೋರಿಸ್ತದೆ.)

ಎಕ್ಸಾಸ್ಟ್ ಫ್ಯಾನ್ ಮೇಲ್ಗಡೆ, ಗಾಳಿ ಒಳಬರೋ ಕಿಂಡಿ ಎದುರು ಗೋಡೆಯ ಬುಡದಲ್ಲಿ, ಅದಕ್ಕೆ ಸೊಳ್ಳೆ ಪರದೆ. ದೀಪದ 400 ವ್ಯಾಟ್ ಬಿಸಿಗೆ ರೂಮು ಹೊರಗಿನ ಗಾಳಿಗಿಂತ 3 ಡಿಗ್ರಿಗಿಂತ ಹೆಚ್ಚು ಕಾಯಬಾರ್ದು ಅಂದ್ರೆ ಗಂಟೆಗೆ 400 ಘನ ಮೀಟರ್ ಗಾಳಿ ಎಳೀಬೇಕು, ಫ್ಯಾನಿನ ಡಬ್ಬಿ ಮೇಲೆ ಈ ಲೆಕ್ಕ ಬರೆದಿರ್ತದೆ, ಪರದೆ ತಡೆಯೋದೂ ಸೇರಿ ಒಂದು ಸೈಜ್ ದೊಡ್ಡದೇ ತಗೊಳ್ಳಿ. ನೀರಿನ ಟ್ಯಾಂಕ್ ಆ ರೂಮಿಂದ ಹೊರಗೆ, ಕೆಳಗಿನ ತಂಪು ನೆಲಕ್ಕೆ ಇಳಿಸಿ ಥರ್ಮಾಕೋಲ್ ಸುತ್ತಿ. 20 ಡಿಗ್ರಿ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಿರ್ತದೆ, 30 ಡಿಗ್ರಿಗೆ ಏಳೂವರೆ, ಬೇರು ಕೊಳೆಯೋದು ಅಲ್ಲೇ ಶುರು.

ಇಷ್ಟೆಲ್ಲ ಮಾಡಿದ್ರೂ ಒಂದು ಮಾತು ಕೇಳಿ, ಫ್ಯಾನು ಹೊರಗಿನ ಗಾಳಿಗಿಂತ ತಂಪು ಮಾಡೋದಿಲ್ಲ. ಲೆಟ್ಯೂಸ್ ಕೇಳೋದು 18ರಿಂದ 24 ಡಿಗ್ರಿ, ಮೇ ತಿಂಗಳಲ್ಲಿ ಕಾರವಾರದ ರಾತ್ರಿಯೇ ಅದಕ್ಕಿಂತ ಬಿಸಿ. ನಾನಾದ್ರೆ ಏಪ್ರಿಲ್, ಮೇ ಲೆಟ್ಯೂಸ್ ಬಿಟ್ಟು ಪೂರ್ತಿ ಬೇಸಿಲ್ ಹಾಕ್ತೇನೆ, ಅದಕ್ಕೆ ಸೆಖೆ ಅಂದ್ರೆ ಇಷ್ಟ. ಮಳೆಗಾಲಕ್ಕೆ ಹೇಗೂ ಗೋಕರ್ಣದಲ್ಲಿ ಗಿರಾಕಿ ಕಮ್ಮಿ. ಕೆಫೆಯವ್ರು ಲೆಟ್ಯೂಸೇ ಬೇಕು ಅಂತ ಹಠ ಮಾಡಿ ರೇಟೂ ಕೊಟ್ರೆ ಆಗ ಎಸಿ ಮಾತು, ಅದೂ ಒಂದು ಟನ್, ಸ್ಲ್ಯಾಬಿನ ಕೆಳಗೆ ಥರ್ಮಾಕೋಲ್ ಸೀಲಿಂಗ್ ಹಾಕ್ಸಿದ ಮೇಲೆ. ಎಸಿ ನಡೀವಾಗ ಎಕ್ಸಾಸ್ಟ್ ಬಂದ್.

ಮತ್ತೆ ಉಪ್ಪುಗಾಳಿ, ನೀರು, ಕರೆಂಟು ಮೂರೂ ಒಂದೇ ರೂಮಲ್ಲಿ ಇವೆ. 30 ಮಿಲಿ ಆ್ಯಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್ಚು) ಇಲ್ಲ ಅಂದ್ರೆ ಇವತ್ತೇ ಹಾಕ್ಸಿ, ಉಳಿದದ್ದು ನಾಳೆ.

ಪ್ರಶ್ನೆ: ಶಿರಸಿ ಹತ್ರ ಹಳ್ಳಿ. ಆಷಾಢದಲ್ಲಿ ಬಿಸಿಲೇ ಇಲ್ಲ, ಒಳಗೆ ಟ್ರೇಯಲ್ಲಿ ಹಾಕಿದ ಮೆಣಸಿನಕಾಯಿ ಬೀಜ ಹುಟ್ಟೋಕೇ ಎರಡು ವಾರ, ಹುಟ್ಟಿದ್ದು ದಾರದ ಹಾಗೆ ಉದ್ದ ಆಗಿ ಬೀಳ್ತದೆ. ಗ್ರೋ ಲೈಟ್ ಬೇಕಾ?

ಉತ್ತರ: ಬೇಡ. ನಿಮ್ಮದು ಕಾರವಾರದವ್ರ ಉಲ್ಟಾ ಸಮಸ್ಯೆ, ನಿಮಗೆ ಮೊದ್ಲು ಬಿಸಿ ಬೇಕಾಗಿದ್ದು, ಆಮೇಲೆ ಮಾಮೂಲಿ ಟ್ಯೂಬ್‌ಲೈಟ್ ಸಾಕು. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಬೇಕು, ಹುಟ್ಟೋ ತನಕ ಬೆಳಕು ಬೇಡ, ಟ್ರೇ ಬಚ್ಚಲ ಒಲೆ ಹತ್ರ ಬೆಚ್ಚಗಿರೋ ಕಡೆ ಇಡಿ, ತೀರಾ ಹತ್ರ ಅಲ್ಲ. ಮೊದಲ ಮೊಳಕೆ ಮಣ್ಣು ಎತ್ತಿದ ದಿನವೇ ಅಲ್ಲಿಂದ ತೆಗೆದು ಎರಡು 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬಿನ ಕೆಳಗೆ ಒಂದು ಗೇಣು ಅಂತರದಲ್ಲಿ ಇಡಿ, ಸಸಿ ಎದ್ದ ಹಾಗೆ ಟ್ಯೂಬನ್ನೂ ಎತ್ತಿ. ಒಂದು ದಿನ ತಡ ಮಾಡಿದ್ರೂ ಬೆಳಕು ಹುಡುಕ್ತಾ ಉದ್ದ ಆಗ್ತವೆ. ನೀರು ಕಮ್ಮಿ ಹಾಕಿ, ಬುಡ ಕೊಳೆತು ಬೀಳೋದು ನೀರು ಹೆಚ್ಚಾಗಿಯೇ.

ಪ್ರಶ್ನೆ: ಕುಮಟಾ. ನಾನೂ ನೀರಲ್ಲೇ ಗಿಡ ಬೆಳೆಸೋದು. ಮಳೆಗಾಲದಲ್ಲಿ ಕರೆಂಟು ಹೋದ್ರೆ ಇನ್ವರ್ಟರಿಗೆ ಗ್ರೋ ಲೈಟ್ ಜೋಡಿಸ್ಲಾ?

ಉತ್ತರ: ದೀಪ ಬೇಡ, ನೀರಿಗೆ ಗಾಳಿ ಊದೋ ಏರ್ ಪಂಪು ಮತ್ತೆ ಸಣ್ಣ ಫ್ಯಾನು ಜೋಡಿಸಿ. ಒಂದು ದಿನ ಕತ್ತಲಾದ್ರೆ ಗಿಡ ತಡ್ಕೊಳ್ತದೆ, ನಿಂತ ನೀರಲ್ಲಿ ಬೇರು ತಡ್ಕೊಳ್ಳೋದಿಲ್ಲ.